ಮನೆಯಲ್ಲೇ ಕಾರಿಗೆ ಮೆಷಿನ್ ಪಾಲಿಶ್: ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ದಿನ ಶೆಡ್ಡಿನಲ್ಲಿ ಪಾಲಿಶ್ ಮೆಷಿನ್ ಸದ್ದು ಕೇಳಿದರೆ ಸಾಕು, ಚಿಕ್ಕಮಗಳೂರಲ್ಲಿ ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ಒಂದು ಪ್ರಶ್ನೆ ಕೇಳಿಯೇ ಮುಂದೆ ಹೋಗುತ್ತಾರೆ. ನೆಂಟರು, ತೋಟದವರು, ಹಾಸನದ ಗೆಳೆಯರು ಫೋನಿನಲ್ಲಿ ಕೇಳಿದ್ದನ್ನೂ ಸೇರಿಸಿ, ತಿರುಗಿ ತಿರುಗಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಮೊದಲು ತಿಳಿದಿರಬೇಕಾದ್ದು

"ಬಿಸಿಲಲ್ಲಿ ನಿಲ್ಲಿಸಿದ್ರೆ ಬಾನೆಟ್ ತುಂಬಾ ಜೇಡರ ಬಲೆ ಥರ ಗೀರು ಕಾಣ್ಸುತ್ತೆ. ನೆರಳಿಗೆ ಬಂದ್ರೆ ಏನೂ ಇಲ್ಲ. ಏನಿದು ಮಾರಾಯ್ರೆ?"

ಇದಕ್ಕೆ ಸ್ವರ್ಲ್ ಅನ್ನುತ್ತಾರೆ. ಸುತ್ತು ಸುತ್ತಾಗಿ ಕಂಡರೂ ಗೀರುಗಳು ನಿಜಕ್ಕೂ ಸುತ್ತಾಗಿ ಇರುವುದಿಲ್ಲ. ಎಲ್ಲಾ ದಿಕ್ಕಿಗೂ ಬಿದ್ದ ಸಾವಿರಾರು ಸಣ್ಣ ಗೀರುಗಳಲ್ಲಿ, ಬೆಳಕಿಗೆ ಅಡ್ಡ ಇರುವವು ಮಾತ್ರ ಮಿನುಗುತ್ತವೆ. ಅದಕ್ಕೇ ಸೂರ್ಯನ ಬಿಂಬದ ಸುತ್ತ ಚಕ್ರ ಕಟ್ಟಿದ ಹಾಗೆ ಕಾಣುತ್ತದೆ. ನೀವು ಪಕ್ಕಕ್ಕೆ ಸರಿದರೆ ಚಕ್ರವೂ ನಿಮ್ಮ ಜೊತೆ ಸರಿಯುತ್ತದೆ. ಮೋಡದ ದಿನ ಬೆಳಕು ಎಲ್ಲಾ ಕಡೆಯಿಂದ ಬರುವುದರಿಂದ ಏನೂ ಕಾಣುವುದಿಲ್ಲ.

ಮಾಡಿದವರು ಯಾರು ಅಂದರೆ, ಹೆಚ್ಚಿನ ಸಲ ನಾವೇ. ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಹೊಡೆಯುವ ಅಭ್ಯಾಸ ಇದೆಯಲ್ಲ, ಅದೇ ದೊಡ್ಡ ಕಾರಣ. ನಮ್ಮ ಕಡೆಯ ಕೆಂಪು ಧೂಳಿನಲ್ಲಿ ಸಣ್ಣ ಮರಳು ಇರುತ್ತದೆ. ಒಣ ಬಟ್ಟೆ ಅದನ್ನು ಎತ್ತುವುದಿಲ್ಲ, ಪೇಂಟಿನ ಮೇಲೆ ಎಳೆದಾಡುತ್ತದೆ. ವಾಟರ್ ಸರ್ವಿಸ್‌ನಲ್ಲಿ ಚಕ್ರ ಉಜ್ಜಿದ ಸ್ಪಂಜನ್ನೇ ಬಾಗಿಲಿಗೂ ಹಾಕುವುದು ಎರಡನೇ ಕಾರಣ.

"ಪಾಲಿಶ್ ಹಾಕಿದ್ರೆ ಗೀರು ತುಂಬ್ಕೊಳ್ಳುತ್ತಾ, ಇಲ್ಲಾ ಬಣ್ಣ ಸವೆಯುತ್ತಾ?"

ಸವೆಯುತ್ತದೆ. ಇದನ್ನು ಮೊದಲೇ ತಿಳಿದುಕೊಂಡರೆ ಮುಂದಿನದ್ದೆಲ್ಲಾ ಸರಿಯಾಗಿ ಅರ್ಥವಾಗುತ್ತದೆ. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಕಂಪನಿ ಪೇಂಟ್ ಆಗಿದ್ದರೆ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 35ರಿಂದ 50. ಒಂದು ಮಿಲಿಮೀಟರ್ ಅಂದರೆ 1,000 ಮೈಕ್ರಾನ್. ಲೆಕ್ಕ ಹಾಕಿಕೊಳ್ಳಿ.

ಸ್ವರ್ಲ್ ಇರುವುದು ಈ ಕ್ಲಿಯರ್ ಕೋಟಿನ ಮೇಲ್ಭಾಗದಲ್ಲಿ. ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ತೆಳ್ಳಗೆ ಸವೆಸಿ ಸಮ ಮಾಡುವುದೇ ಪಾಲಿಶ್. ಕಾಂಪೌಂಡ್, ಅಂದರೆ ಜೋರಾಗಿ ಸವೆಸುವ ಪೇಸ್ಟ್, ಹಾಕಿ ಒಮ್ಮೆ ಪೂರ್ತಿ ಕೆಲಸ ಮಾಡಿದರೆ ಒಂದೆರಡು ಮೈಕ್ರಾನ್ ಹೋಗುತ್ತದೆ. ಅಷ್ಟಕ್ಕೆ ಹೆದರಬೇಕಿಲ್ಲ. ಆದರೆ ಹೋದದ್ದು ವಾಪಸ್ ಬರುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವುದೂ ಇದೇ ಪದರ. ಹಾಗಾಗಿ ಪ್ರತಿ ವರ್ಷ ದೀಪಾವಳಿಗೆ ರಬ್ಬಿಂಗ್ ಮಾಡಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ.

"ಯಾವ ಗೀರು ಹೋಗುತ್ತೆ, ಯಾವುದು ಹೋಗಲ್ಲ ಅಂತ ಮೊದ್ಲೇ ಗೊತ್ತಾಗುತ್ತಾ?"

ಸುಮಾರಾಗಿ ಗೊತ್ತಾಗುತ್ತದೆ. ಉಗುರನ್ನು ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಅದನ್ನು ಪೂರ್ತಿ ತೆಗೆಯಲು ಹೋಗಬೇಡಿ, ಅಂಚು ನುಣುಪಾಗಿ ಕಣ್ಣಿಗೆ ಹೊಡೆಯದ ಹಾಗೆ ಆದರೆ ಸಾಕು. ಉಗುರಿಗೆ ಸಿಗದಿದ್ದರೆ ಹೆಚ್ಚಿನವು ಹೋಗುತ್ತವೆ. ಇನ್ನೊಂದು ಉಪಾಯ, ಗೀರಿನ ಮೇಲೆ ನೀರು ಸವರಿ. ಒದ್ದೆಯಿದ್ದಾಗ ಮಾಯವಾಗಿ ಒಣಗಿದ ಮೇಲೆ ಮತ್ತೆ ಕಂಡರೆ ಅದು ಕ್ಲಿಯರ್ ಕೋಟಿನಲ್ಲೇ ಇದೆ.

ತೋಟದ ರಸ್ತೆಯಲ್ಲಿ ಓಡಾಡುವ ಕಾರಿನ ಎರಡೂ ಪಕ್ಕ ಉದ್ದುದ್ದ ಗೆರೆ ಇರುತ್ತದಲ್ಲ, ಲಂಟಾನ ಮತ್ತು ಕಾಫಿ ಗಿಡದ ಕೊಂಬೆ ತಾಗಿ ಆದದ್ದು, ಅದರಲ್ಲಿ ಬಹುಪಾಲು ಮೇಲು ಮೇಲಿನದ್ದೇ. ಮುಳ್ಳಯ್ಯನಗಿರಿ ದಾರಿಯಲ್ಲಿ ಎದುರಿನ ಜೀಪಿಗೆ ಜಾಗ ಬಿಡಲು ಹೋಗಿ ರಸ್ತೆ ಬದಿಯ ಮಣ್ಣಿನ ಧರೆಗೆ ಒತ್ತಿದ್ದು ಬೇರೆ ವಿಷಯ. ಬಿಳಿ ಅಥವಾ ಬೂದು ಬಣ್ಣ ಕಾಣುತ್ತಿದ್ದರೆ ಪ್ರೈಮರ್ ತನಕ ಹೋಗಿದೆ. ಹೊಳೆಯುವ ತಗಡು ಕಂಡರೆ ಮಳೆಗಾಲದ ಮೊದಲು ಟಚ್‌ಅಪ್ ಪೇಂಟ್ ಹಚ್ಚಿ, ಇಲ್ಲಾಂದ್ರೆ ನಮ್ಮ ಹವೆಗೆ ತುಕ್ಕು ಬೇಗ ಹಿಡಿಯುತ್ತದೆ. ಗಾಡಿಯ ಪೇಂಟ್ ಕೋಡ್ ಬಾಗಿಲಿನ ಕಂಬದ ಮೇಲೋ ಬಾನೆಟ್ ಒಳಗೋ ಅಂಟಿಸಿರುತ್ತಾರೆ.

"ಟೂತ್‌ಪೇಸ್ಟಲ್ಲಿ ಉಜ್ಜಿದ್ರೆ ಆಗಲ್ವಾ? ನಮ್ಮ ಡ್ರೈವರ್ ಅಂತೂ ಡೀಸೆಲ್ ಹಾಕಿ ಒರೆಸ್ತಾನೆ, ಸಖತ್ ಮಿಂಚುತ್ತೆ."

ಡೀಸೆಲ್, ಸೀಮೆಎಣ್ಣೆ, ತೆಂಗಿನೆಣ್ಣೆ ಎಲ್ಲದರ ಕಥೆಯೂ ಒಂದೇ. ಎಣ್ಣೆ ಗೀರಿನೊಳಗೆ ಇಳಿದು ಬೆಳಕು ಚದುರದ ಹಾಗೆ ಮಾಡುತ್ತದೆ. ಆ ದಿನ ಮಿಂಚುತ್ತದೆ, ಮರುದಿನ ಅದಕ್ಕೇ ಧೂಳು ಅಂಟುತ್ತದೆ. ಆ ಧೂಳನ್ನು ಮತ್ತೆ ಒರೆಸಿದರೆ ಹೊಸ ಗೀರು. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುವುದು ನಿಜ. ಆದರೆ ಅದು ಹಲ್ಲಿಗೆ ಲೆಕ್ಕ ಹಾಕಿ ಮಾಡಿದ್ದು, ಕ್ಲಿಯರ್ ಕೋಟಿಗಲ್ಲ.

"ಹೊಸ ಕಾರು ಸಾರ್, ಶೋರೂಮಿಂದ ತಂದು ತಿಂಗಳೂ ಆಗಿಲ್ಲ. ಇದಕ್ಕೂ ಬೇಕಾ?"

ಬಿಸಿಲಿನಲ್ಲಿ ನಿಲ್ಲಿಸಿ ನೋಡಿ. ಡೆಲಿವರಿಗೆ ಮೊದಲು ಅವಸರದಲ್ಲಿ ತೊಳೆದು ಒರೆಸಿದ ಗೀರು ಹೊಸ ಕಾರಿನಲ್ಲೂ ಇರುತ್ತದೆ. ಕಂಡರೆ ಮೆಷಿನಿಗೆ ಮೆತ್ತನೆ ಪ್ಯಾಡ್ (ಪೇಂಟ್ ಉಜ್ಜುವ ಬಿಲ್ಲೆ) ಹಾಕಿ ಒಂದು ಕೈ ಓಡಿಸಿದರೆ ಸಾಕು. ಕಾಣದಿದ್ದರೆ ಸುಮ್ನೆ ಬಿಟ್ಟುಬಿಡಿ.

## ಸಾಮಾನು, ಜಾಗ, ಸಮಯ

"ರೋಟರಿ ತಗೊಳ್ಳೋದಾ, ಡಿಎ ತಗೊಳ್ಳೋದಾ?"

ಮನೆಯಲ್ಲಿ ಕಲಿಯುವವರಿಗೆ ಡಿಎ, ಅಂದರೆ ಡ್ಯುಯಲ್ ಆಕ್ಷನ್. ರೋಟರಿ ಒಂದೇ ಅಚ್ಚಿನ ಮೇಲೆ ಗರಗರ ತಿರುಗುತ್ತದೆ. ಒಂದೇ ಕಡೆ ನಿಂತರೆ ಬಿಸಿ ಬೇಗ ಏರುತ್ತದೆ. ಪಳಗಿದ ಕೈಗೆ ಅದು ಒಳ್ಳೆಯ ಆಯುಧ, ಪೇಂಟಿಂಗ್ ಗ್ಯಾರೇಜಿನವರು ಬಳಸುವುದು ಅದನ್ನೇ. ಡಿಎಯಲ್ಲಿ ಪ್ಯಾಡ್ ತನ್ನ ಸುತ್ತ ತಿರುಗುತ್ತಲೇ ಅಚ್ಚು ಬಿಟ್ಟು ಅತ್ತಿತ್ತ ಓಲಾಡುತ್ತದೆ. ಬಿಸಿ ಹಂಚಿಹೋಗುತ್ತದೆ. ಜಾಸ್ತಿ ಒತ್ತಿದರೆ ಪ್ಯಾಡ್ ತಿರುಗುವುದೇ ನಿಂತುಬಿಡುತ್ತದೆ, ಹೊಸಬರಿಗೆ ಅದೇ ಒಂದು ರಕ್ಷಣೆ.

ಡಿಎ ಎಷ್ಟು ಅಗಲ ಓಲಾಡುತ್ತದೆ ಅನ್ನುವುದಕ್ಕೆ ಥ್ರೋ ಅನ್ನುತ್ತಾರೆ. 8, 15, 21 ಮಿಲಿಮೀಟರ್ ಸಾಮಾನ್ಯ. 21ರದ್ದು ಬಾನೆಟ್, ರೂಫಿನಂಥ ಅಗಲ ಜಾಗಕ್ಕೆ ಬೇಗ ಕೆಲಸ ಮಾಡುತ್ತದೆ, ಆದರೆ ಡೊಂಕು ಜಾಗದಲ್ಲಿ ತಿರುಗದೆ ನಿಲ್ಲುತ್ತದೆ. ನಮ್ಮಲ್ಲಿ ಸಣ್ಣ ಹ್ಯಾಚ್‌ಬ್ಯಾಕುಗಳೇ ಜಾಸ್ತಿ. ಒಂದೇ ಮೆಷಿನ್ ಅಂದರೆ 15 ಮಿಲಿಮೀಟರ್, 5 ಇಂಚಿನ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ತಟ್ಟೆ) ಇರುವುದು ತಗೊಳ್ಳಿ.

"ಮನೇಲಿ ಡ್ರಿಲ್ಲಿದೆ, ಗ್ರೈಂಡರೂ ಇದೆ. ಅದಕ್ಕೇ ಪ್ಯಾಡ್ ಸಿಕ್ಕಿಸಿದ್ರೆ?"

ಗ್ರೈಂಡರ್ ಬೇಡವೇ ಬೇಡ. ಅದು ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ರೋಟರಿ ಪಾಲಿಶರನ್ನೇ ನಾವು 600ರಿಂದ 1,500ರೊಳಗೆ ಓಡಿಸುತ್ತೇವೆ. ಡ್ರಿಲ್ಲಿಗೆ ಸಣ್ಣ ಪ್ಯಾಡ್ ಹಾಕಿ ಹೆಡ್‌ಲೈಟ್ ಮಾಡಬಹುದು, ಬಾನೆಟ್ ಬೇಡ.

"ಪ್ಯಾಡ್ ಹಳದಿ, ಕಿತ್ತಳೆ, ಕಪ್ಪು ಅಂತ ಬರುತ್ತೆ. ಯಾವುದು ಏನಕ್ಕೆ? ಎಷ್ಟು ತಗೊಳ್ಬೇಕು?"

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಒಂದು ಕಂಪನಿಯ ಹಳದಿ ಗಟ್ಟಿಯಿದ್ದರೆ ಇನ್ನೊಂದರ ಹಳದಿ ಮೆತ್ತಗಿರುತ್ತದೆ. ಕಟಿಂಗ್, ಪಾಲಿಶಿಂಗ್, ಫಿನಿಶಿಂಗ್ ಅಂತ ಬರೆದಿರುವುದನ್ನು ಓದಿ. ಫೋಮ್ ಪ್ಯಾಡ್ ಕಲಿಯಲು ಒಳ್ಳೆಯದು. ಮೈಕ್ರೋಫೈಬರ್ ಪ್ಯಾಡ್ ಇನ್ನೂ ಜೋರಾಗಿ ಸವೆಸುತ್ತದೆ, ಆದರೆ ಹಿಂದೆ ಮಂಕು ಬಿಡಬಹುದು. ಉಣ್ಣೆ ಪ್ಯಾಡ್ ಈಗ ಬೇಡ.

ಎಷ್ಟು ಅನ್ನುವುದರಲ್ಲೇ ಹೆಚ್ಚಿನವರು ಜಿಪುಣತನ ಮಾಡುವುದು. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಯುವುದಿಲ್ಲ. ಬಿಸಿಯಾಗಿ, ಕಾಂಪೌಂಡ್ ಕುಡಿದು ಮೆತ್ತಗಾದ ಪ್ಯಾಡ್ ಸವೆಸುವುದೇ ಇಲ್ಲ. ಪಾಲಿಶಿಂಗ್ ಪ್ಯಾಡ್ ನಾಲ್ಕು, ಕಟಿಂಗ್ ಎರಡು, ಫಿನಿಶಿಂಗ್ ಎರಡು ಇದ್ದರೆ ನೆಮ್ಮದಿ. ಜೊತೆಗೆ ಕನ್ನಡಿ ಪಕ್ಕ, ಹಿಡಿಕೆ ಸುತ್ತ ಮಾಡಲು 3 ಇಂಚಿನ ಸಣ್ಣ ಪ್ಲೇಟು ಮತ್ತು ಪ್ಯಾಡ್.

"ಕಾಂಪೌಂಡು, ಪಾಲಿಶು, ವ್ಯಾಕ್ಸು ಎಲ್ಲಾ ಒಂದೇ ಅಲ್ವಾ?"

ಅಲ್ಲ. ಕಾಂಪೌಂಡ್ ಜೋರಾಗಿ ಸವೆಸುತ್ತದೆ, ಪಾಲಿಶ್ ಹಗುರವಾಗಿ ಸವೆಸಿ ಹೊಳಪು ಕೊಡುತ್ತದೆ. ವ್ಯಾಕ್ಸ್ ಸವೆಸುವುದೇ ಇಲ್ಲ, ಮೇಲೆ ಕೂತು ಕಾಯುತ್ತದೆ ಅಷ್ಟೇ. ಮೆಗ್ವಾಯರ್ಸ್, ಮೆನ್ಜೆರ್ನಾ, 3ಎಂ, ಕಾಖ್ ಕೆಮಿ ಹೀಗೆ ತುಂಬಾ ಕಂಪನಿಗಳಿವೆ. ಯಾವುದಾದರೂ ಒಂದು ಕಂಪನಿಯ ಒಂದು ಕಾಂಪೌಂಡ್, ಒಂದು ಪಾಲಿಶ್ ಹಿಡಿದು ಅದರಲ್ಲೇ ಕೈ ಕುದುರಿಸಿಕೊಳ್ಳಿ. ಬಾಟಲಿ ಬದಲಾಯಿಸುತ್ತಾ ಹೋದರೆ ತಪ್ಪು ಬಾಟಲಿಯದೋ ಕೈಯದೋ ಗೊತ್ತಾಗುವುದಿಲ್ಲ.

"ಖರ್ಚು ಎಲ್ಲಿ ಉಳಿಸಬಹುದು?"

ಮೆಷಿನಿನಲ್ಲಿ ಉಳಿಸಬಹುದು. ದುಬಾರಿ ಮೆಷಿನ್ ಕಮ್ಮಿ ನಡುಗುತ್ತದೆ, ಕೈ ಕಮ್ಮಿ ನೋಯುತ್ತದೆ. ಆದರೆ ವರ್ಷಕ್ಕೆ ಒಂದೆರಡು ಕಾರು ಮಾಡುವವರಿಗೆ ಸಾಧಾರಣದ್ದೇ ಸಾಕು. ಪ್ಯಾಡ್, ಒರೆಸುವ ಮೈಕ್ರೋಫೈಬರ್ ಬಟ್ಟೆ, ಬೆಳಕು ಈ ಮೂರರಲ್ಲಿ ಉಳಿಸಬೇಡಿ. ಅಪ್ಪನ ಹಳೇ ಬನಿಯನ್ ಎಷ್ಟೇ ಮೆತ್ತಗಿದ್ದರೂ ಅದರ ಹೊಲಿಗೆ ಹೊಸ ಪಾಲಿಶಿನ ಮೇಲೆ ಗೀರು ಎಳೆಯುತ್ತದೆ.

"ನಮ್ದು ಮೂಡಿಗೆರೆ ಹತ್ರ ತೋಟ. ಯಾವ ತಿಂಗಳಲ್ಲಿ, ಎಲ್ಲಿ ಮಾಡೋದು?"

ಜೂನ್‌ನಿಂದ ಸೆಪ್ಟೆಂಬರ್ ಮರೆತುಬಿಡಿ. ಮಳೆಯಲ್ಲಿ ಕಾರು ಒಣಗುವುದೇ ಇಲ್ಲ, ಮಾಡಿದ ಮರುದಿನವೇ ಕೆಸರು. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಆದರೆ ಆಗಲೇ ಕಾಫಿ ಕೊಯ್ಲು, ಜನವೂ ಇಲ್ಲ, ಪುರುಸೊತ್ತೂ ಇಲ್ಲ ಅಂತೀರಿ. ಹಾಗಾದರೆ ಮಾರ್ಚ್‌ನಲ್ಲಿ ಹೂಮಳೆಯ (ಕಾಫಿ ಹೂ ಅರಳಿಸುವ ಮಳೆ) ಆಚೀಚೆ ಬೆಳಗಿನ ಹೊತ್ತು ನೋಡಿಕೊಳ್ಳಿ. ಬೆಳಿಗ್ಗೆ ಇಬ್ಬನಿ ಪೂರ್ತಿ ಆರಿರಬೇಕು. ತಗಡು ಕೈಗೆ ತಣ್ಣಗಿರಬೇಕು. ಬಿಸಿಲಿಗೆ ಕಾದ ಬಾನೆಟ್ ಮೇಲೆ ಪಾಲಿಶ್ ಹಾಕಿದ ಕೂಡಲೇ ಒಣಗಿ ಪುಡಿಯಾಗುತ್ತದೆ.

ಜಾಗ ಅಂದರೆ ಕಾಫಿ ಕಣದ ಪಕ್ಕ ಬೇಡ. ಒಣಗಿದ ಕಾಫಿ ಎಳೆಯುವಾಗ ಏಳುವ ಧೂಳೆಲ್ಲಾ ಒದ್ದೆ ಪ್ಯಾಡಿಗೆ ಬರುತ್ತದೆ. ಮರದ ಕೆಳಗೂ ಬೇಡ. ಗೋದಾಮು, ಶೆಡ್ ಇದ್ದರೆ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ. ಕರೆಂಟಿನ ವಿಷಯ ಒಂದು. ವೋಲ್ಟೇಜ್ ಬಿದ್ದಾಗ ಮೆಷಿನ್ ಸೊರಗುತ್ತದೆ, ಪ್ಯಾಡ್ ತಿರುಗುವುದು ಕಮ್ಮಿಯಾಗುತ್ತದೆ. ಪಂಪ್‌ಸೆಟ್ ಓಡದ ಹೊತ್ತು ಹುಡುಕಿ. ಎಕ್ಸ್‌ಟೆನ್ಶನ್ ವೈರನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚಿ, ಇಲ್ಲದಿದ್ದರೆ ಬಿಸಿಯಾಗುತ್ತದೆ.

## ಕೆಲಸಕ್ಕೆ ಇಳಿದಾಗ

"ಚೆನ್ನಾಗಿ ತೊಳ್ದಿದೀನಿ. ಇನ್ನು ಶುರು ಮಾಡ್ಲಾ?"

ಇನ್ನೂ ಇಲ್ಲ. ತೊಳೆದು ಒಣಗಿಸಿದ ಬಾನೆಟ್ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಸವರಿ ನೋಡಿ. ಮರಳು ಕಾಗದದಂತೆ ತರಿತರಿ ಅನಿಸಿದರೆ ಪೇಂಟಿಗೆ ಕೊಳೆ ಕಚ್ಚಿಕೊಂಡಿದೆ ಅಂತ. ಟಾರಿನ ಚುಕ್ಕೆಗೆ ಟಾರ್ ರಿಮೂವರ್. ಬ್ರೇಕ್ ಪುಡಿಯಿಂದ ಬರುವ ಕಬ್ಬಿಣದ ಕಣಕ್ಕೆ ಐರನ್ ರಿಮೂವರ್, ಹಾಕಿದಾಗ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಅದನ್ನು ಒಣಗಲು ಬಿಡದೆ ತೊಳೆಯಿರಿ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಕೊಳೆ ಎತ್ತುವ ಜೇಡಿಮಣ್ಣಿನಂಥ ಮುದ್ದೆ. ಶಾಂಪೂ ನೀರು ಧಾರಾಳವಾಗಿ ಹಾಕಿ, ಒತ್ತದೆ ಜಾರಿಸಿ. ಕ್ಲೇ ಕೆಳಗೆ ಬಿದ್ದರೆ ಅದನ್ನು ಎಸೆಯಿರಿ, ಎಷ್ಟೇ ದುಬಾರಿಯಾದರೂ. ಕ್ಲೇಯಿಂದ ಸಣ್ಣ ಗೀರು ಬೀಳಬಹುದು, ಪಾಲಿಶಿನಲ್ಲಿ ಅದು ಹೋಗುತ್ತದೆ.

ಆಮೇಲೆ ಮಾಸ್ಕಿಂಗ್ ಟೇಪ್. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಬ್ಯಾಡ್ಜ್, ಬಾಡಿಯ ಚೂಪು ಗೆರೆಗಳು ಎಲ್ಲಕ್ಕೂ. ತರಿ ಇರುವ ಕಪ್ಪು ಪ್ಲಾಸ್ಟಿಕ್ಕಿಗೆ ಕಾಂಪೌಂಡ್ ತಾಗಿದರೆ ಬಿಳಿ ಕಲೆ ಕೂತುಬಿಡುತ್ತದೆ.

"ನೇರವಾಗಿ ಜೋರು ಕಾಂಪೌಂಡಲ್ಲೇ ಮಾಡಿದ್ರೆ ಬೇಗ ಮುಗಿಯಲ್ವಾ?"

ಮುಗಿಯುತ್ತದೆ, ಪೇಂಟೂ ಬೇಗ ಮುಗಿಯುತ್ತದೆ. ಮೊದಲು ಬಾನೆಟ್ ಮೇಲೆ ಅರ್ಧ ಅಡಿ ಚೌಕದಲ್ಲಿ ಪರೀಕ್ಷೆ ಮಾಡಿ. ಮೆತ್ತನೆ ಪ್ಯಾಡ್, ಹಗುರ ಪಾಲಿಶಿನಿಂದ ಶುರು. ಅದರಲ್ಲಿ ಆಗದಿದ್ದರೆ ಪಾಲಿಶಿಂಗ್ ಪ್ಯಾಡ್. ಆಗಲೂ ಇಲ್ಲ ಅಂದರೆ ಕಾಂಪೌಂಡ್. ಯಾವ ಜೋಡಿಯಲ್ಲಿ ಮುಕ್ಕಾಲು ಪಾಲು ಗೀರು ಹೋಯಿತೋ ಅದನ್ನೇ ಇಡೀ ಕಾರಿಗೆ ಇಟ್ಟುಕೊಳ್ಳಿ. ಉಳಿದ ಕಾಲು ಪಾಲನ್ನು ಅಟ್ಟಿಸಿಕೊಂಡು ಹೋಗಬೇಡಿ. ದಿನಾ ಓಡಿಸುವ ಕಾರಿಗೆ ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಇದ್ದಾರೆ.

"ಮೆಷಿನ್ ಹೇಗೆ ಓಡಿಸ್ಬೇಕು ಅಣ್ಣಾ? ಬಿಡಿಸಿ ಹೇಳಿ."

ಮೆಷಿನ್ ಮುಟ್ಟುವ ಮೊದಲು ಬ್ಯಾಕಿಂಗ್ ಪ್ಲೇಟಿನ ಅಂಚಿನಲ್ಲಿ ಮಾರ್ಕರಿನಿಂದ ಒಂದು ದಪ್ಪ ಗೆರೆ ಎಳೆಯಿರಿ. ಪ್ಯಾಡ್ ತಿರುಗುತ್ತಿದೆಯೋ ಸುಮ್ನೆ ನಡುಗುತ್ತಿದೆಯೋ ಅಂತ ಆ ಗೆರೆ ನೋಡಿ ಗೊತ್ತಾಗುತ್ತದೆ. ವೈರನ್ನು ಹೆಗಲ ಮೇಲಿಂದ ಬಿಡಿ, ಬಾನೆಟ್ ಮೇಲೆ ಎಳೆದಾಡಬಾರದು. ಉಂಗುರ, ವಾಚು, ಬೆಲ್ಟಿನ ಬಕಲ್ ತೆಗೆಯಿರಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್.

ಹೊಸ ಪ್ಯಾಡಿಗೆ ಮೊದಲು ಪಾಲಿಶನ್ನು ತೆಳ್ಳಗೆ ಮುಖಪೂರ್ತಿ ಸವರಿ. ಆಮೇಲೆ ಪ್ರತಿ ಸಲಕ್ಕೆ ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಒಂದೂವರೆ ಅಡಿ ಚೌಕದ ಜಾಗ ಆರಿಸಿಕೊಳ್ಳಿ. ಮೆಷಿನ್ ಆಫ್ ಇರುವಾಗಲೇ ಪ್ಯಾಡನ್ನು ನಾಲ್ಕಾರು ಕಡೆ ತಾಗಿಸಿ, ಸ್ಪೀಡ್ 1ರಲ್ಲಿ ಹರಡಿ, ಆಮೇಲೆ 4 ಅಥವಾ 5ಕ್ಕೆ ಏರಿಸಿ. ಇಲ್ಲಾಂದ್ರೆ ಮೊದಲ ಸೆಕೆಂಡಿಗೇ ಗೋಡೆ, ಅಂಗಿ, ಗಾಜು ಎಲ್ಲದಕ್ಕೂ ಸಿಡಿಯುತ್ತದೆ.

ಕೈಯ ವೇಗ ತುಂಬಾ ನಿಧಾನ ಇರಬೇಕು. ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್. ಹೊಸಬರು ಇದರ ಐದು ಪಟ್ಟು ವೇಗದಲ್ಲಿ ಓಡಿಸುತ್ತಾರೆ, ನೆಲ ಒರೆಸಿದ ಹಾಗೆ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧಕ್ಕೆ ತಾಗಿರಲಿ. ಮೊದಲು ಎಡ-ಬಲ, ಆಮೇಲೆ ಮೇಲೆ-ಕೆಳಗೆ. ಹೀಗೆ ಒಟ್ಟು ನಾಲ್ಕರಿಂದ ಆರು ಸುತ್ತು. ಮೆಷಿನಿನ ತೂಕಕ್ಕೆ ಸ್ವಲ್ಪ ಕೈಭಾರ ಸೇರಿಸಿ, ಗೆರೆ ತಿರುಗುತ್ತಲೇ ಇರಬೇಕು, ಅಷ್ಟೇ ಲೆಕ್ಕ. ಕೊನೆಯ ಸುತ್ತಿಗೆ ಭಾರ ಬಿಟ್ಟುಬಿಡಿ. ಪ್ಯಾಡ್ ಪೇಂಟಿಗೆ ಚಪ್ಪಟೆಯಾಗಿ ಕೂತಿರಲಿ. ಪೇಂಟಿನ ಮೇಲೆ ಇಟ್ಟಾಗಲೇ ಆನ್ ಮಾಡಿ, ಅಲ್ಲೇ ಆಫ್ ಮಾಡಿ ಆಮೇಲೆ ಎತ್ತಿ.

ಉಳಿದ ಪಾಲಿಶನ್ನು ಮೈಕ್ರೋಫೈಬರಿನಲ್ಲಿ ಒತ್ತದೆ ಒರೆಸಿ, ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಪ್ಯಾಡನ್ನು ಬ್ರಶ್ಶಿನಲ್ಲಿ ಉಜ್ಜಿ ಮುಂದಿನ ಚೌಕಕ್ಕೆ ಹೋಗಿ. ಮೊದಲ ಸಲ ಒಂದು ಸ್ವಿಫ್ಟ್ ಗಾತ್ರದ ಕಾರಿಗೆ ಶನಿವಾರ, ಭಾನುವಾರ ಎರಡೂ ಬೇಕು. ಒಂದೇ ದಿನಕ್ಕೆ ಮುಗಿಸಲು ಹೋದರೆ ಕೊನೆಯ ಬಾಗಿಲಿಗೆ ಅನ್ಯಾಯವಾಗುತ್ತದೆ.

"ಎಷ್ಟು ಹೊತ್ತು ಮಾಡಿದ್ರೂ ಗೀರು ಹಾಗೇ ಇದೆ. ನನ್ನ ಕೈಲಿ ಆಗಲ್ವೇನೋ."

ಆಗುತ್ತದೆ. ಮೊದಲು ಪ್ಲೇಟಿನ ಗೆರೆ ನೋಡಿ, ತಿರುಗದಿದ್ದರೆ ಭಾರ ಕಮ್ಮಿ ಮಾಡಿ. ಆಮೇಲೆ ಪ್ಯಾಡ್ ಮುಟ್ಟಿ ನೋಡಿ, ನೆಂದು ಬಿಸಿಯಾಗಿದ್ದರೆ ಬದಲಾಯಿಸಿ. ಪಾಲಿಶ್ ಜಾಸ್ತಿ ಹಾಕಿದರೂ ಪ್ಯಾಡ್ ಜಾರುತ್ತದೆ, ಸವೆಸುವುದಿಲ್ಲ. ಇವೆಲ್ಲ ಸರಿಯಿದ್ದೂ ಹೋಗದಿದ್ದರೆ ಪೇಂಟ್ ಗಟ್ಟಿಯದ್ದು. ಜರ್ಮನ್ ಕಾರುಗಳ ಕ್ಲಿಯರ್ ಕೋಟ್ ಸಾಮಾನ್ಯವಾಗಿ ಗಟ್ಟಿ, ಜಪಾನಿ ಕಾರುಗಳದ್ದು ಮೆತ್ತಗೆ ಅನ್ನುವುದು ಈ ಕೆಲಸದವರ ಅನುಭವ. ಆಗ ಪ್ಯಾಡ್ ಒಂದು ಹಂತ ಗಟ್ಟಿಯದ್ದು ಹಾಕಿ.

"ಮುಗ್ಸಿದ ದಿನ ಕನ್ನಡಿ ಥರ ಇತ್ತು. ಎರಡು ಸಲ ತೊಳೆದ ಮೇಲೆ ಗೀರೆಲ್ಲಾ ವಾಪಸ್ ಬಂತು!"

ಅವು ಹೋಗಿಯೇ ಇರಲಿಲ್ಲ. ಪಾಲಿಶಿನಲ್ಲಿರುವ ಎಣ್ಣೆ ಗೀರಿನೊಳಗೆ ತುಂಬಿಕೊಂಡಿತ್ತು. ಅದಕ್ಕೇ ಪ್ರತಿ ಚೌಕ ಮುಗಿದ ಮೇಲೆ ಎಣ್ಣೆ ತೆಗೆದು ನೋಡಬೇಕು. ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲಿಗೆ ಮೂರ್ನಾಲ್ಕು ಪಾಲು ಡಿಸ್ಟಿಲ್ಡ್ ನೀರು (ಬ್ಯಾಟರಿಗೆ ತುಂಬುವ ಶುದ್ಧ ನೀರು, ಆಸಿಡ್ ಅಲ್ಲ) ಬೆರೆಸಿ ಸ್ಪ್ರೇ ಬಾಟಲಿಗೆ ಹಾಕಿ ಇಟ್ಟುಕೊಳ್ಳಿ. ಹಗುರವಾಗಿ ಸಿಂಪಡಿಸಿ ಒರೆಸಿ, ಆಮೇಲೆ ಟಾರ್ಚ್ ಹಿಡಿಯಿರಿ. ಕೊನೆಯ ತೀರ್ಪು ಬಿಸಿಲಿನದ್ದು. ಒಂದು ಬಾಗಿಲು ಮುಗಿದ ಕೂಡಲೇ ಕಾರನ್ನು ಹೊರಗೆ ತೆಗೆದು ನೋಡಿದರೆ ಮಿಕ್ಕ ಬಾಗಿಲುಗಳ ಶ್ರಮ ಉಳಿಯುತ್ತದೆ. ಅಂಗಡಿಗಳಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿಕೊಡುವ ಪಾಲಿಶ್ ಬಹಳಷ್ಟು ಸಲ ಇದೇ ಎಣ್ಣೆಯ ಆಟ.

"ಪೇಂಟ್ ಸುಟ್ಟು ಹೋಗುತ್ತೆ ಅಂತ ಹೆದರಿಕೆ ಸಾರ್."

ಡಿಎಯಲ್ಲಿ ಅಗಲ ಜಾಗದಲ್ಲಿ ಸುಡುವುದು ಕಷ್ಟ. ಹೆದರಬೇಕಾದ್ದು ಅಂಚಿಗೆ. ಬಾನೆಟ್ ಅಂಚು, ಬಾಗಿಲ ಗೆರೆ, ಫೆಂಡರಿನ ಮೂಲೆ, ಇಲ್ಲೆಲ್ಲಾ ಕ್ಲಿಯರ್ ಕೋಟ್ ತೆಳು. ಪ್ಯಾಡಿನ ಭಾರವೆಲ್ಲಾ ಒಂದೇ ಗೆರೆಯ ಮೇಲೆ ಬೀಳುತ್ತದೆ. ಟೇಪ್ ಹಾಕಿ, ಕೊನೆಗೆ ಟೇಪ್ ತೆಗೆದು ಕೈಯಲ್ಲೇ ಉಜ್ಜಿ. ಬಂಪರ್ ಪ್ಲಾಸ್ಟಿಕ್ಕಿನದ್ದು, ತಗಡಿನ ಹಾಗೆ ಬಿಸಿಯನ್ನು ಹಂಚುವುದಿಲ್ಲ, ಅಲ್ಲಿ ಕಮ್ಮಿ ಸ್ಪೀಡ್. ಆಗಾಗ ಅಂಗೈ ಹಿಂಬದಿ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಅಂದರೆ ಟೀ ಕುಡಿದು ಬನ್ನಿ.

"ಪ್ಯಾಡನ್ನ ವಾಷಿಂಗ್ ಮೆಷಿನ್‌ಗೆ ಹಾಕ್ಬಹುದಾ?"

ಮನೆಯವರು ಒಪ್ಪಿದರೂ ಬೇಡ. ಕೆಲಸ ಮುಗಿದ ಕೂಡಲೇ ಶಾಂಪೂ ನೀರಿನಲ್ಲಿ ನೆನೆಸಿ, ಹೆಬ್ಬೆರಳಲ್ಲಿ ಒತ್ತಿ ಹಿಂಡಿ, ಫೋಮ್ ಕೆಳಗೆ ಮಾಡಿ ನೆರಳಲ್ಲಿ ಒಣಗಿಸಿ.

## ಕೈ ಪಳಗಿದ ಮೇಲೆ

"ಕಪ್ಪು ಕಾರು. ಗೀರು ಹೋಯ್ತು, ಆದ್ರೆ ಬಿಸಿಲಲ್ಲಿ ಬೂದಿ ಬಳಿದ ಹಾಗೆ ಮಂಕು."

ಕಾಂಪೌಂಡ್ ತಾನೇ ಬಿಟ್ಟ ಅತಿ ಸಣ್ಣ ಗೀರು ಅದು. ಮೆತ್ತನೆ ಪೇಂಟಿನಲ್ಲಿ, ಗಾಢ ಬಣ್ಣದಲ್ಲಿ ಎದ್ದು ಕಾಣುತ್ತದೆ. ಫಿನಿಶಿಂಗ್ ಪ್ಯಾಡ್, ನಯ ಪಾಲಿಶ್, ಸ್ಪೀಡ್ 3, ಭಾರವೇ ಹಾಕದೆ ಇನ್ನೊಂದು ಕೈ ಓಡಿಸಿ. ಆಗಲೂ ಉಳಿದರೆ ಒರೆಸುವ ಬಟ್ಟೆಯ ಮೇಲೆ ಸಂಶಯ ಪಡಿ. ಬಿಳಿ, ಬೆಳ್ಳಿ ಬಣ್ಣದ ಕಾರಿನವರಿಗೆ ಈ ತಲೆನೋವು ಇಲ್ಲ.

"ತಾತನ ಕಾಲದ ಮಾರುತಿ 800. ಪಾಲಿಶ್ ಮಾಡಿದ್ರೆ ಪ್ಯಾಡೆಲ್ಲಾ ಕೆಂಪಾಗುತ್ತೆ. ನಿಲ್ಲಿಸ್ಲಾ?"

ಹೆದರಬೇಡಿ. ಹಳೇ ಕಾರುಗಳ ಸಾದಾ ಬಣ್ಣಗಳಿಗೆ ಎಷ್ಟೋ ಸಲ ಬೇರೆ ಕ್ಲಿಯರ್ ಕೋಟ್ ಇರುವುದಿಲ್ಲ, ಬಣ್ಣವೇ ಮೇಲಿನ ಪದರ. ಪ್ಯಾಡಿಗೆ ಬಣ್ಣ ಹತ್ತುವುದು ಸಹಜ. ಮೇಲೆ ಸುಣ್ಣದಂತೆ ಕೂತಿರುವುದು ಬಿಸಿಲಿಗೆ ಸತ್ತ ಬಣ್ಣ. ಅದು ಹೋದರೆ ಕೆಳಗಿನ ಕೆಂಪು ಹೊರಬರುತ್ತದೆ, ನೋಡಲು ಅಷ್ಟು ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ. ಪ್ಯಾಡ್ ಮಾತ್ರ ಪದೇ ಪದೇ ತೊಳೆಯಬೇಕು. ಕೂಡಲೇ ವ್ಯಾಕ್ಸ್ ಹಾಕಿ, ಇಂಥ ಪೇಂಟ್ ಬೇಗ ಮತ್ತೆ ಮಾಸುತ್ತದೆ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಪ್ಯಾಡಿಗೆ ಬಣ್ಣ ಬಂದರೆ ಮಾತ್ರ ತಕ್ಷಣ ನಿಲ್ಲಿಸಿ. ಕ್ಲಿಯರ್ ಕೋಟ್ ಅಲ್ಲಿಗೆ ಮುಗಿದಿದೆ.

"ರೂಫ್ ಮೇಲೆ ಬಿಳಿ ಬಿಳಿ ಪದರ ಎದ್ದು ಬರ್ತಾ ಇದೆ. ಪಾಲಿಶಲ್ಲಿ ಸರಿಹೋಗುತ್ತಾ?"

ಇಲ್ಲ. ಕ್ಲಿಯರ್ ಕೋಟ್ ಕಿತ್ತು ಬರುತ್ತಿದೆ. ಪೇಂಟಿಂಗ್ ಒಂದೇ ದಾರಿ.

"ಪೇಂಟ್ ದಪ್ಪ ಅಳೆಯೋ ಮೀಟರ್ ತಗೊಳ್ಬೇಕಾ?"

ಹೊಸದಾಗಿ ಕೊಂಡು ನೀವೇ ಇಟ್ಟುಕೊಂಡ ಕಾರಿಗೆ ಬೇಡ. ಸೆಕೆಂಡ್ ಹ್ಯಾಂಡ್ ಕಾರಿಗೆ ತುಂಬಾ ಉಪಯೋಗ. ಎಲ್ಲಾ ಕಡೆ 110 ತೋರಿಸಿ ಒಂದು ಬಾಗಿಲು ಮಾತ್ರ 250 ತೋರಿಸಿದರೆ ಅದಕ್ಕೆ ಮತ್ತೆ ಪೇಂಟ್ ಆಗಿದೆ. 500 ದಾಟಿದರೆ ಕೆಳಗೆ ಪುಟ್ಟಿ ಇದೆ ಅಂತ ಲೆಕ್ಕ. ಬೇರೆಲ್ಲ ಕಡೆಗಿಂತ ತೀರಾ ಕಮ್ಮಿ, 80ರ ಕೆಳಗೆ ತೋರಿಸಿದ ಜಾಗಕ್ಕೆ ಕೈ ಹಚ್ಚಬೇಡಿ. ಒಂದು ಮಿತಿ ಇದೆ. ಮೀಟರ್ ಒಟ್ಟು ದಪ್ಪ ಹೇಳುತ್ತದೆ, ಕ್ಲಿಯರ್ ಕೋಟ್ ಎಷ್ಟಿದೆ ಅಂತ ಹೇಳುವುದಿಲ್ಲ. ಸಾಮಾನ್ಯ ಮೀಟರ್ ಪ್ಲಾಸ್ಟಿಕ್ ಬಂಪರಿನ ಮೇಲೆ ಕೆಲಸವನ್ನೇ ಮಾಡುವುದಿಲ್ಲ.

"ಇನ್ಶೂರೆನ್ಸಲ್ಲಿ ಬಾಗಿಲು ಪೇಂಟ್ ಮಾಡಿಸ್ದೆ. ಬಿಸಿಲಲ್ಲಿ ನೆರಳು ಅಲೆಯಾಡಿದ ಹಾಗೆ ಕಾಣುತ್ತೆ."

ರೋಟರಿ ಬಿಟ್ಟ ಗುರುತು, ಹಾಲೊಗ್ರಾಮ್ ಅನ್ನುತ್ತಾರೆ. ಪಾಲಿಶಿಂಗ್ ಪ್ಯಾಡ್ ಹಾಕಿ ಡಿಎಯಲ್ಲಿ ಒಮ್ಮೆ ಮಾಡಿದರೆ ಹೋಗುತ್ತದೆ. ಹೊಸ ಪೇಂಟ್ ಪೂರ್ತಿ ಗಟ್ಟಿಯಾಗಲು ಸಮಯ ಬೇಕು, ಒಂದೆರಡು ತಿಂಗಳು ತಡೆಯಿರಿ. ವ್ಯಾಕ್ಸ್, ಕೋಟಿಂಗ್ ಕೂಡ ಅಲ್ಲಿಯವರೆಗೆ ಬೇಡ.

"ಬೋರ್‌ವೆಲ್ ನೀರಲ್ಲಿ ತೊಳೀತೀವಿ. ಬಿಳಿ ಚುಕ್ಕೆ ಹೋಗೋದೇ ಇಲ್ಲ."

ಕಡೂರು, ಅರಸೀಕೆರೆ ಕಡೆಯವರ ಮಾಮೂಲಿ ದೂರು ಇದು. ಗಡಸು ನೀರು ಒಣಗಿದಾಗ ಉಳಿಯುವ ಸುಣ್ಣದ ಅಂಶ. ಹೊಸ ಚುಕ್ಕೆಯಾದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ನೆನೆಸಿ ಒಂದು ನಿಮಿಷ ಇಟ್ಟು ತೊಳೆಯಿರಿ. ಮೆಷಿನ್ ಹಾಕುವ ಮೊದಲು ಇದನ್ನು ಮಾಡಿ, ಅರ್ಧಕ್ಕರ್ಧ ಅಲ್ಲೇ ಹೋಗುತ್ತದೆ. ಹಳೆಯದು ಪೇಂಟಿನೊಳಗೆ ಕುಳಿ ತೋಡಿರುತ್ತದೆ, ಅದಕ್ಕೆ ಪಾಲಿಶ್ ಬೇಕು. ಹಕ್ಕಿ ಹಿಕ್ಕೆಯ ಗುರುತೂ ಹಾಗೆಯೇ. ಬಿಸಿಲಲ್ಲಿ ಒಂದು ದಿನ ಬಿಟ್ಟರೂ ಕಚ್ಚುತ್ತದೆ. ಕೆರೆದು ತೆಗೆಯಬೇಡಿ, ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಿ.

"ವಾಟರ್ ಪೇಪರ್ ಹಾಕಿ ಉಜ್ಜಿ ಆಮೇಲೆ ಪಾಲಿಶ್ ಮಾಡೋದು ನೋಡಿದೀನಿ. ನಾನೂ ಮಾಡ್ಲಾ?"

ವಾಟರ್ ಪೇಪರ್ ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ. 2000 ಅಥವಾ 3000 ನಂಬರಿನದ್ದೂ ಒಂದು ಕಾಂಪೌಂಡ್ ಸುತ್ತಿಗಿಂತ ಬಹಳ ಜಾಸ್ತಿ ತಿನ್ನುತ್ತದೆ. ಆ ಪೇಪರಿನ ಗೀರು ತೆಗೆಯಲು ಮತ್ತೆ ಕಾಂಪೌಂಡ್. ಕಂಪನಿ ಪೇಂಟಿಗೆ ಮೀಟರ್ ಇಲ್ಲದೆ ಮಾಡಬೇಡಿ. ಕಲಿಯುವ ಹಂಬಲ ಇದ್ದರೆ ಗುಜರಿಯಿಂದ ಒಂದು ಹಳೇ ಬಾನೆಟ್ ತಂದು ಬೇಕೆಂದೇ ಪ್ರೈಮರ್ ಕಾಣುವ ತನಕ ಉಜ್ಜಿ ನೋಡಿ. ಎಷ್ಟು ಬೇಗ ಬರುತ್ತದೆ ಅಂತ ಒಮ್ಮೆ ಕಂಡರೆ ಕೈ ತಾನೇ ಹಗುರವಾಗುತ್ತದೆ.

"ಅದೇ ಮೆಷಿನಲ್ಲಿ ಹಳದಿ ಹೆಡ್‌ಲೈಟ್ ಮಾಡ್ಬಹುದಾ?"

ಮಾಡಬಹುದು. ಆದರೆ ಹೆಡ್‌ಲೈಟಿನ ಪ್ಲಾಸ್ಟಿಕ್ ಮೇಲೆ ಬಿಸಿಲು ತಡೆಯುವ ಪದರ ಇರುತ್ತದೆ, ಹಳದಿ ಜೊತೆ ಅದೂ ಹೋಗುತ್ತದೆ. ಮೇಲೆ ಯುವಿ (ನೇರಳಾತೀತ ಕಿರಣ) ತಡೆಯುವ ಕೋಟಿಂಗ್ ಹಾಕದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

"ಸೆರಾಮಿಕ್ ಕೋಟಿಂಗ್ ಮಾಡ್ಸಿದ್ರೆ ಇನ್ನು ಗೀರೇ ಬೀಳಲ್ಲ ಅಂತಾರಲ್ಲಾ?"

ಬೀಳುತ್ತದೆ. ಕೋಟಿಂಗ್ ಮೇಲೆ ನೀರು, ಕೆಸರು ನಿಲ್ಲುವುದಿಲ್ಲ, ತೊಳೆಯುವುದು ಸುಲಭ, ಹೊಳಪು ಜಾಸ್ತಿ ದಿನ ಇರುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಅಷ್ಟೇ ದೊಡ್ಡ ಉಪಕಾರ. ಒಣ ಬಟ್ಟೆಗೆ, ಲಂಟಾನಕ್ಕೆ ಅದು ಅಡ್ಡ ನಿಲ್ಲುವುದಿಲ್ಲ. ಗೀರು ತಡೆಯಲು ಬೇಕಾದ್ದು ಪಿಪಿಎಫ್ ಅನ್ನುವ ದಪ್ಪ ಫಿಲ್ಮ್, ಅದರ ದರ ಬೇರೆಯೇ. ಕೋಟಿಂಗ್ ಹಾಕುವ ಮೊದಲು ಪಾಲಿಶ್ ಮುಗಿದಿರಬೇಕು. ಗೀರಿನ ಮೇಲೆ ಹಾಕಿದರೆ ಗೀರಿಗೂ ಹೊಳಪು ಬರುತ್ತದೆ, ಅಷ್ಟೇ.

"ಇಷ್ಟೆಲ್ಲಾ ಮಾಡಿದ ಮೇಲೆ ತೊಳೆಯೋದು ಹೇಗೆ?"

ಒಣಗಿದ್ದಾಗ ಮುಟ್ಟಬೇಡಿ, ಅದೇ ಅರ್ಧ ಕೆಲಸ. ಮೊದಲು ನೀರು ಬಿಟ್ಟು ಮಣ್ಣು ಇಳಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಪ್ರತಿ ಭಾಗ ಉಜ್ಜಿದ ಮೇಲೆ ಮೈಕ್ರೋಫೈಬರ್ ಗ್ಲೌಸನ್ನು ಬರೀ ನೀರಿನಲ್ಲಿ ಜಾಲಾಡಿ ಆಮೇಲೆ ಶಾಂಪೂಗೆ ಅದ್ದಿ. ಮೇಲಿನಿಂದ ಕೆಳಕ್ಕೆ. ಚಕ್ರಕ್ಕೆ ಬೇರೆ ಬಟ್ಟೆ. ಪಾತ್ರೆ ತೊಳೆಯುವ ಲಿಕ್ವಿಡ್ ವ್ಯಾಕ್ಸನ್ನು ಬೇಗ ಕರಗಿಸುತ್ತದೆ. ಕೊನೆಗೆ ದೊಡ್ಡ ಟವೆಲನ್ನು ಹಾಸಿ, ಉಜ್ಜದೆ ಎಳೆದು ನೀರು ತೆಗೆಯಿರಿ. ಡ್ರೈವರ್ ಇಟ್ಟುಕೊಂಡವರು ಅವರಿಗೂ ಕೂರಿಸಿ ಹೇಳಿ, ಡಿಕ್ಕಿಯಲ್ಲಿರುವ ಒಣ ಬಟ್ಟೆಯನ್ನು ತೆಗೆದುಬಿಡಿ. ಹೀಗೆ ನೋಡಿಕೊಂಡರೆ ಎರಡು ಮೂರು ವರ್ಷ ಕಾಂಪೌಂಡ್ ಬಾಟಲಿ ಮುಚ್ಚಳ ತೆಗೆಯುವ ಅಗತ್ಯ ಬರುವುದಿಲ್ಲ.

"ಬುಲೆಟ್ ಟ್ಯಾಂಕಿಗೂ ಇದೇ ಮಾಡ್ಬಹುದಾ ಅಣ್ಣಾ?"

ಹೊಳೆಯುವ ಪೇಂಟ್ ಆದರೆ 3 ಇಂಚಿನ ಪ್ಯಾಡಿನಲ್ಲಿ ಮಾಡಬಹುದು. ಸ್ಟಿಕ್ಕರ್ ಕ್ಲಿಯರ್ ಕೋಟಿನ ಒಳಗಿದೆಯೋ ಮೇಲಿದೆಯೋ ಉಗುರಲ್ಲಿ ನೋಡಿ, ಮೇಲಿದ್ದರೆ ಟೇಪ್ ಹಾಕಿ. ಕೈಯಲ್ಲಿ ಎಳೆದ ಚಿನ್ನದ ಗೆರೆ ಇದ್ದರೆ ಅದರ ಹತ್ತಿರ ಮೆಷಿನ್ ತರಬೇಡಿ. ಮ್ಯಾಟ್ ಪೇಂಟಿನ ಟ್ಯಾಂಕಿಗೆ ಪಾಲಿಶ್ ಪೂರ್ತಿ ನಿಷಿದ್ಧ, ಮುಟ್ಟಿದ ಜಾಗದಲ್ಲಿ ಹೊಳೆಯುವ ಕಲೆ ಬೀಳುತ್ತದೆ. ಅದನ್ನು ತೆಗೆಯಲು ಆಗುವುದಿಲ್ಲ.